ತೂಕ ಇಳಿಯಿತು, ಆದರೆ ನೆಲದಿಂದ ಏಳಲು ಕೈ ಊರಬೇಕು. ಏನು ಮಾಡಲಿ?

ಪ್ರಶ್ನೆ: ನನಗೆ 67 ವರ್ಷ, ಊರು ಹಾಸನ. ಎತ್ತರ 154 ಸೆಂಟಿಮೀಟರ್. ಒಂಬತ್ತು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೊಳ್ತೀನಿ. ಬಿಪಿಗೂ ಒಂದು ಮಾತ್ರೆ ಇದೆ. ಮಂಡಿ ನೋವಿಗೆ ತೋರಿಸಿದಾಗ ಡಾಕ್ಟರು ತೂಕ ಇಳಿಸಿ ಅಂದರು. 74 ಕೆಜಿ ಇದ್ದವಳು ನಾಲ್ಕು ತಿಂಗಳಲ್ಲಿ 67ಕ್ಕೆ ಬಂದಿದ್ದೇನೆ. ರಾತ್ರಿ ಊಟ ಬಿಟ್ಟಿದ್ದೇನೆ, ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಅಷ್ಟೇ. ದಿನಾ ಬೆಳಿಗ್ಗೆ ಒಂದು ಗಂಟೆ ವಾಕಿಂಗ್. ಶುಗರ್ ಇಳಿದಿದೆ, ಮಂಡಿ ನೋವೂ ಸ್ವಲ್ಪ ವಾಸಿ. ಆದರೆ ಪೂಜೆಗೆ ಕೂತರೆ ಏಳುವುದಕ್ಕೆ ಕೈ ಊರಬೇಕು, ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿ ಹಿಡಿದು ಎಳೆದುಕೊಳ್ಳಬೇಕು, ತುಂಬಿದ ಕುಕ್ಕರ್ ಇಳಿಸಲು ಭಯ. ತೊಡೆ ಸಣ್ಣಗಾಗಿದೆ. ನಾವು ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ. 60 ಕೆಜಿಗೆ ಬರಬೇಕು ಅಂತ ಆಸೆ. ಮಗ ಈಗ ಬಂದಿರುವ ವಾರಕ್ಕೊಂದು ಇಂಜೆಕ್ಷನ್ ತಗೋ ಅಂತಾನೆ. ಮುಂದುವರಿಸಲಾ, ನಿಲ್ಲಿಸಲಾ?

ಉತ್ತರ: ಸದ್ಯಕ್ಕೆ ನಿಲ್ಲಿಸಿ. ತೂಕ ಇಳಿಸುವುದನ್ನೇ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಒಂದೆರಡು ತಿಂಗಳು 67ರಲ್ಲೇ ನಿಂತು ಕಾಲಿಗೆ, ತೋಳಿಗೆ ಬಲ ತಂದುಕೊಳ್ಳಿ, ರಾತ್ರಿ ಊಟ ಇವತ್ತಿನಿಂದಲೇ ಶುರು ಮಾಡಿ, ಉಳಿದ ಕೆಜಿಗಳನ್ನು ಆಮೇಲೆ ನಿಧಾನವಾಗಿ ಇಳಿಸೋಣ.

ಬೇರೆ ಏನು ಹೇಳುವ ಮೊದಲೂ ಒಂದು ಮಾತು, ಇದನ್ನು ತಡಮಾಡಬೇಡಿ. ನೀವು ತಗೊಳ್ಳುವ ಎರಡು ಶುಗರ್ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಅನ್ನುವುದು, ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಬಿಡುಗಡೆ ಮಾಡಿಸುತ್ತಲೇ ಇರುತ್ತದೆ. ನಿಮ್ಮ ತೂಕ ಏಳು ಕೆಜಿ ಇಳಿದಿದೆ, ರಾತ್ರಿ ಊಟ ಇಲ್ಲ, ಬೆಳಿಗ್ಗೆ ಎದ್ದ ಕೂಡಲೇ ಒಂದು ಗಂಟೆ ನಡಿಗೆ, ಆದರೆ ಮಾತ್ರೆ ಮಾತ್ರ ಹಳೆಯದೇ. ಹೀಗಿದ್ದಾಗ ರಾತ್ರಿಯೋ ಬೆಳಗಿನ ಜಾವವೋ ಶುಗರ್ ತೀರಾ ಕೆಳಗೆ ಹೋಗಬಹುದು. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಡವ, ಬೆಳಿಗ್ಗೆ ಎದ್ದಾಗ ತಲೆನೋವು, ಇದರಲ್ಲಿ ಯಾವುದಾದರೂ ಆಗಿದ್ದರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಏನೂ ಆಗದಿದ್ದರೂ ಈ ವಾರವೇ ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಡೋಸ್ ಮತ್ತೆ ನೋಡಿ ಅಂತ ಕೇಳಿ. ಬಿಪಿ ಮಾತ್ರೆಗೂ ಇದೇ ಮಾತು. ತೂಕ ಇಳಿದಾಗ ಬಿಪಿಯೂ ಇಳಿಯುತ್ತದೆ, ಹಾಸಿಗೆಯಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅದನ್ನು ಸುಮ್ನೆ ಸುಸ್ತು ಅಂತ ಬಿಡಬೇಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ.

ಈಗ ನಿಮ್ಮ ತೊಡೆಯ ವಿಷಯ. ತೂಕ ಇಳಿದಾಗ ಇಳಿಯುವುದು ಬರೀ ಕೊಬ್ಬಲ್ಲ. ಸಾಮಾನ್ಯವಾಗಿ ಕಳೆದುಹೋದ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬಲ್ಲದ್ದು, ಅಂದರೆ ಸ್ನಾಯು, ಅದರ ಜೊತೆಗಿನ ನೀರು ಇತ್ಯಾದಿ. ಮೂವತ್ತರ ಹುಡುಗಿಗೆ ಇದು ದೊಡ್ಡ ವಿಷಯವಲ್ಲ, ಅವಳಿಗೆ ಅದು ಬೇಗ ಮರಳಿ ಬರುತ್ತದೆ. 67ರಲ್ಲಿ ತಾನಾಗಿ ಬರುವುದಿಲ್ಲ. ನಿಮ್ಮ ಏಳು ಕೆಜಿಯಲ್ಲಿ ಒಂದೂವರೆ ಎರಡು ಕೆಜಿ ಹೀಗೆ ಹೋಗಿರಬಹುದು, ಊಟದಲ್ಲಿ ಪ್ರೋಟೀನ್ ಕಡಿಮೆ ಇದ್ದುದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಇರಬಹುದು. ತೂಕದ ಮೆಷಿನ್ ಇದನ್ನೆಲ್ಲ ಹೇಳುವುದಿಲ್ಲ, ಅದು ಬರೀ 67 ಅಂತ ತೋರಿಸುತ್ತದೆ, ಮನೆಯವರೆಲ್ಲ ಭೇಷ್ ಅನ್ನುತ್ತಾರೆ. ಏನು ಹೋಗಿದೆ ಅಂತ ಹೇಳುವುದು ನಿಮ್ಮ ಬಸ್ಸಿನ ಮೆಟ್ಟಿಲು, ನಿಮ್ಮ ಕುಕ್ಕರ್. ಅದನ್ನು ನೀವೇ ಗಮನಿಸಿ ಬರೆದಿದ್ದೀರಲ್ಲ, ಅದು ನನಗೆ ತುಂಬ ಸಮಾಧಾನ ಕೊಟ್ಟ ವಿಷಯ. ಎಷ್ಟೋ ಜನ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ತೂಕ ಇಳಿಸದಿದ್ದರೂ ವಯಸ್ಸಿಗೆ ಸ್ನಾಯು ಸವೆಯುತ್ತದೆ. ಎಪ್ಪತ್ತರ ಆಸುಪಾಸಿನಲ್ಲಿ ಸ್ನಾಯುವಿನ ಗಾತ್ರ ವರ್ಷಕ್ಕೆ ಶೇಕಡಾ 1ರಷ್ಟು ಕಡಿಮೆಯಾದರೆ ಬಲ ಅದರ ಎರಡು ಮೂರು ಪಟ್ಟು ವೇಗದಲ್ಲಿ ಇಳಿಯುತ್ತದೆ. ಯಾಕೆಂದರೆ ಬಲ ಅನ್ನುವುದು ಸ್ನಾಯುವಿನ ದಪ್ಪ ಒಂದೇ ಅಲ್ಲ, ಅದಕ್ಕೆ ಆಜ್ಞೆ ಕೊಡುವ ನರಗಳೂ ಸೇರಿ ಆಗುವುದು, ಮತ್ತು ಮೊದಲು ಹೋಗುವುದು ಥಟ್ಟನೆ ಕೆಲಸ ಮಾಡುವ ಎಳೆಗಳು. ಎಡವಿದಾಗ ಇನ್ನೊಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳುತ್ತೇವಲ್ಲ, ಅದು ಈ ಎಳೆಗಳ ಕೆಲಸ. ಈ ಸವೆತ ಒಂದು ಹಂತ ದಾಟಿದರೆ ವೈದ್ಯರು ಸಾರ್ಕೊಪೀನಿಯಾ ಅನ್ನುತ್ತಾರೆ. ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ವರ್ಷಗಟ್ಟಲೆ ಮಾಡಿದ ಕೆಲಸದಿಂದ ಗೊತ್ತಾಗಿರುವ ಹಾಗೆ, ಅಷ್ಟೇ ತೂಕದ ಯುರೋಪಿನವರಿಗೆ ಹೋಲಿಸಿದರೆ ಭಾರತೀಯರ ಮೈಯಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ, ಅದೂ ಹುಟ್ಟಿನಿಂದಲೇ. ಅಂದರೆ ಕಳೆದುಕೊಳ್ಳಲು ನಮ್ಮ ಹತ್ತಿರ ಇರುವುದೇ ಕಮ್ಮಿ.

ಇನ್ನು ವಾಕಿಂಗ್. ದಿನಾ ಒಂದು ಗಂಟೆ ನಡೆದೂ ಕಾಲಿನ ಬಲ ಹೇಗೆ ಹೋಯಿತು ಅಂತ ನಿಮಗೆ ಅನ್ನಿಸಿರಬೇಕು, ಅಲ್ವಾ? ನಡಿಗೆ ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಒಳ್ಳೆಯದು, ಬಿಡಬೇಡಿ. ಆದರೆ ವರ್ಷಗಳಿಂದ ಸಮನೆಲದಲ್ಲಿ ನಡೆದು ಅಭ್ಯಾಸವಾದ ಕಾಲಿಗೆ ಅದು ಹೊಸ ಭಾರವೇ ಅಲ್ಲ. ಭಾರ ಬಿದ್ದಾಗಲೇ ಸ್ನಾಯು ಉಳಿಯುವುದು. ಇದನ್ನು ಚೆನ್ನಾಗಿ ತೋರಿಸಿದ್ದು ಅಮೆರಿಕದ ಡಾ. ಡೆನಿಸ್ ವಿಲರಿಯಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ. 65 ದಾಟಿದ, ಬೊಜ್ಜಿದ್ದ 160 ಜನರನ್ನು ತಗೊಂಡು, ಒಂದು ಗುಂಪನ್ನು ಹೋಲಿಕೆಗೆ ಹಾಗೇ ಬಿಟ್ಟು, ಉಳಿದ ಮೂರು ಗುಂಪಿಗೂ ಆರು ತಿಂಗಳು ಊಟ ಕಡಿಮೆ ಮಾಡಿಸಿದರು. ಒಂದು ಗುಂಪಿಗೆ ನಡಿಗೆ, ಸೈಕಲ್ ತರಹದ ವ್ಯಾಯಾಮ, ಇನ್ನೊಂದಕ್ಕೆ ಭಾರ ಎತ್ತುವ ವ್ಯಾಯಾಮ, ಮೂರನೆಯದಕ್ಕೆ ಎರಡೂ. ಮೂರೂ ಗುಂಪಿನವರ ತೂಕ ಒಂದೇ ಸಮ, ಶೇಕಡಾ 9ರಷ್ಟು ಇಳಿಯಿತು. ಆದರೆ ಕೊಬ್ಬಲ್ಲದ ತೂಕ ನಡಿಗೆಯ ಗುಂಪಿನಲ್ಲಿ ಶೇಕಡಾ 5, ಎರಡೂ ಮಾಡಿದವರಲ್ಲಿ ಶೇಕಡಾ 3, ಭಾರ ಎತ್ತಿದವರಲ್ಲಿ ಶೇಕಡಾ 2 ಮಾತ್ರ ಇಳಿಯಿತು. ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಏಳುವುದು, ನೆಲದ ಮೇಲಿನ ವಸ್ತು ಎತ್ತುವುದು ಇಂಥ ದಿನದ ಕೆಲಸಗಳಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಎರಡನ್ನೂ ಮಾಡಿದವರು. ನೀವು ಈಗ ಇರುವುದು ಆ ನಡಿಗೆಯ ಗುಂಪಿನಲ್ಲಿ. ಮೂರನೆಯದಕ್ಕೆ ಬರಬೇಕು, ಅಷ್ಟೇ.

ಇದೇ ತಂಡ 2011ರಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಒಂದು ವರ್ಷ ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದವರ ಸೊಂಟದ ಮೂಳೆಯ ಸಾಂದ್ರತೆ ಶೇಕಡಾ 2.6 ಇಳಿದಿತ್ತು. ಜೊತೆಗೆ ವ್ಯಾಯಾಮವನ್ನೂ ಮಾಡಿದವರಲ್ಲಿ 1.1 ಮಾತ್ರ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಮೊದಲೇ ಸೊರಗಿರುತ್ತದೆ, ಅದಕ್ಕೇ ಇದನ್ನು ಹೇಳಿದೆ.

ವ್ಯಾಯಾಮ ಶುರು ಮಾಡುವ ಮೊದಲು ನಿಮ್ಮ ಕಾಲು ಈಗ ಎಲ್ಲಿದೆ ಅಂತ ಒಮ್ಮೆ ಅಳೆದುಕೊಳ್ಳಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಡೈನಿಂಗ್ ಟೇಬಲಿನ ಕುರ್ಚಿ ಆಗುತ್ತದೆ, ಪ್ಲಾಸ್ಟಿಕ್ ಕುರ್ಚಿ ಬೇಡ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ನಿಂತು ಕೂರಿ, ಮನೆಯವರೊಬ್ಬರು ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಸೆಕೆಂಡ್ ನೋಡಲಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಅಳತೆ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಸಾಮರ್ಥ್ಯ ಕುಗ್ಗಿದೆ ಅಂತ. ಐದು ಸಲ ಏಳುವುದಕ್ಕೇ ಆಗದಿದ್ದರೆ ಗಾಬರಿಯಾಗಬೇಡಿ, ಅಲ್ಲಿಂದಲೇ ಶುರು ಮಾಡಬಹುದು. ಆದರೆ ಆಗ ಮೊದಲ ಕೆಲವು ವಾರ ಊರಿನ ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣೆದುರಿಗೆ ಮಾಡಿ. ಬಂದ ಸೆಕೆಂಡನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ನನ್ನ ಹತ್ತಿರ ಬರುವ ಹಿರಿಯರಿಗೆಲ್ಲ ನಾನು ಹೇಳುವುದು ಇದೇ, ತೂಕದ ಅಂಕಿಯ ಪಕ್ಕದಲ್ಲಿ ಈ ಅಂಕಿಯೂ ಇರಲಿ, ತೂಕ ಇಳಿಯುತ್ತಾ ಈ ಸೆಕೆಂಡ್ ಏರುತ್ತಾ ಹೋದರೆ ನೀವು ಇಳಿಸುತ್ತಿರುವುದು ತಪ್ಪು ತೂಕ. ಜಿಮ್‌ಗಳಲ್ಲಿ ಬರಿಗಾಲಲ್ಲಿ ನಿಂತರೆ ಕೊಬ್ಬೆಷ್ಟು ಸ್ನಾಯುವೆಷ್ಟು ಅಂತ ಚೀಟಿ ಕೊಡುವ ಮೆಷಿನ್ ಇರುತ್ತದೆ. ಅದು ಮೈಯಲ್ಲಿನ ನೀರಿನ ಮೇಲೆ ಹೇಳುವ ಲೆಕ್ಕ, ಬೆಳಿಗ್ಗೆ ಒಂದು ಸಂಜೆ ಇನ್ನೊಂದು ತೋರಿಸಬಹುದು. ಅದರ ಹಿಂದೆ ಓಡಬೇಡಿ.

ಈಗ ವ್ಯಾಯಾಮ. ಹತ್ತು ಬಗೆ ಹೇಳಿ ಗೊಂದಲ ಮಾಡುವುದಿಲ್ಲ. ಒಂದನ್ನು ಚೆನ್ನಾಗಿ ಹೇಳುತ್ತೇನೆ, ಉಳಿದದ್ದಕ್ಕೂ ಅದೇ ನಿಯಮ.

ಅದೇ ಕುರ್ಚಿ. ಸೀಟಿನ ಮುಂದಿನ ಅರ್ಧಕ್ಕೆ ಬಂದು ಕೂರಿ. ಪಾದಗಳು ಸೊಂಟದಷ್ಟು ಅಗಲದಲ್ಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಹೆಚ್ಚಿನವರು ತಪ್ಪುವುದು ಇಲ್ಲೇ, ಪಾದ ಮುಂದೆ ಚಾಚಿಕೊಂಡು ಏಳಲು ಹೋಗುತ್ತಾರೆ, ಮಂಡಿಗೆ ನೋವಾಗುತ್ತದೆ, ಕೈ ಊರುತ್ತಾರೆ. ಬೆನ್ನು ನೇರ ಇಟ್ಟು ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲಿನ ಬೆರಳುಗಳ ನೇರಕ್ಕೆ ಬರಲಿ. ಆಗ ಹಿಮ್ಮಡಿಯಿಂದ ನೆಲ ಒತ್ತಿ ಏಳಿ, ಏಳುವಾಗ ಉಸಿರು ಬಿಡಿ. ಮಂಡಿಗಳು ಒಳಗೆ ಒಂದಕ್ಕೊಂದು ತಾಗುವ ಹಾಗೆ ಬಾಗಬಾರದು. ಪೂರ್ತಿ ನೇರ ನಿಂತು, ಆಮೇಲೆ ಒಂದು ಎರಡು ಮೂರು ಎಣಿಸುತ್ತಾ ನಿಧಾನವಾಗಿ ಕೂರಿ. ದೊಪ್ಪನೆ ಬೀಳಬೇಡಿ, ಆ ನಿಧಾನದಲ್ಲೇ ಅರ್ಧ ಲಾಭ ಇದೆ. ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಎಂಟು ಸಲ ಮಾಡಿ, ಎರಡು ನಿಮಿಷ ಕೂತು ಸುಧಾರಿಸಿಕೊಂಡು ಮತ್ತೆ ಎಂಟು. ಇನ್ನೊಂದು ಸುತ್ತು ಆದರೆ ಒಳ್ಳೆಯದು.

ಮುಖ್ಯವಾದ ಮಾತು ಇಲ್ಲಿದೆ: ಪ್ರತಿ ಸುತ್ತಿನ ಕೊನೆಯ ಎರಡು ಮೂರು ಸಲ ಕಷ್ಟ ಅನ್ನಿಸಬೇಕು. ಇನ್ನೂ ಒಂದೆರಡು ಸಲ ಹೇಗೋ ಆದೀತು, ಅದಕ್ಕಿಂತ ಜಾಸ್ತಿ ಆಗದು ಅನ್ನುವಷ್ಟು. ಮಾತಾಡಿಕೊಂಡು ಆರಾಮಾಗಿ ಮಾಡಿ ಮುಗಿಸಿದರೆ ಬೆವರಬಹುದು, ಬಲ ಬರುವುದಿಲ್ಲ. ಹನ್ನೆರಡು ಸಲ ಸಲೀಸಾಗಿ ಬರುತ್ತಿದೆ ಅಂದ ದಿನ ದಿಂಬು ತೆಗೆಯಿರಿ. ಅದೂ ಸಲೀಸಾದರೆ ಎರಡು ಕೆಜಿ ಅಕ್ಕಿಯ ಪೊಟ್ಟಣ ಎದೆಗೆ ಅವುಚಿಕೊಂಡು ಏಳಿ, ಆಮೇಲೆ ಮೂರು ಕೆಜಿ, ಐದು ಕೆಜಿ. ಹೆಂಗಸರಿಗೆ, ಅದರಲ್ಲೂ ವಯಸ್ಸಾದವರಿಗೆ ಅರ್ಧ ಕೆಜಿಯ ಗುಲಾಬಿ ಬಣ್ಣದ ಡಂಬೆಲ್ ಕೊಟ್ಟು ವರ್ಷವಿಡೀ ಅದನ್ನೇ ಎತ್ತಿಸುವುದನ್ನು ನೋಡಿ ನನಗೆ ಬೇಜಾರಾಗುತ್ತದೆ. ದಿನಾ ಐದು ಕೆಜಿ ಮೊಮ್ಮಗುವನ್ನು ಎತ್ತಿಕೊಳ್ಳುವ ಕೈ ಅದು.

ಇದರ ಜೊತೆ ನಾಲ್ಕು ಸಾಕು. ಅಡುಗೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಅಂಗೈ ಒತ್ತಿ ದಂಡ ಹೊಡೆದ ಹಾಗೆ ಎದೆಯನ್ನು ಗೋಡೆಯ ಹತ್ತಿರ ತಂದು ತಳ್ಳುವುದು, ಅದು ಸುಲಭವಾದ ಮೇಲೆ ಅಡುಗೆ ಕಟ್ಟೆಯ ಅಂಚಿಗೆ. ಒಂದು ಕೈಯನ್ನು ಟೇಬಲಿಗೆ ಊರಿ ಬಾಗಿ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಇರುವ ಚೀಲವನ್ನು ಸೊಂಟದವರೆಗೆ ಎಳೆಯುವುದು. ಮೆಟ್ಟಿಲಿನ ಕಂಬಿ ಹಿಡಿದು ಕೆಳಗಿನ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು, ಬಲಗಾಲು ಎಂಟು ಸಲ, ಎಡಗಾಲು ಎಂಟು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಆ ಬಿಡುವಿನಲ್ಲೇ ಸ್ನಾಯು ರಿಪೇರಿಯಾಗುವುದು, ಹಾಗಾಗಿ ಹುಮ್ಮಸ್ಸಿನಲ್ಲಿ ದಿನಾ ಮಾಡಬೇಡಿ. ಒಂದೂವರೆ ತಿಂಗಳಾದ ಮೇಲೆ ಕುರ್ಚಿಯಿಂದ ಏಳುವುದನ್ನು ಬೇಗ ಏಳಿ, ಕೂರುವುದು ಮಾತ್ರ ನಿಧಾನವೇ ಇರಲಿ, ಥಟ್ಟನೆ ಕೆಲಸ ಮಾಡುವ ಎಳೆಗಳಿಗೆ ಆ ವೇಗ ಬೇಕು.

ಪೂಜೆಗೆ ಕೂತು ಏಳುವುದನ್ನು ಬಿಡಬೇಡಿ, ಅದನ್ನೇ ಅಭ್ಯಾಸ ಮಾಡಿಕೊಳ್ಳಿ. ಪಕ್ಕದಲ್ಲಿ ಗಟ್ಟಿ ಸ್ಟೂಲು ಇಟ್ಟುಕೊಳ್ಳಿ. ಏಳುವಾಗ ನೇರ ಮೇಲಕ್ಕೆ ಬರಲು ಹೋಗದೆ, ಮೊದಲು ಒಂದು ಪಕ್ಕಕ್ಕೆ ಹೊರಳಿ ಅಂಬೆಗಾಲಿಗೆ ಬನ್ನಿ, ಮಂಡಿ ಕೆಳಗೆ ಮಡಚಿದ ಕಂಬಳಿ ಇರಲಿ, ಸ್ಟೂಲಿನ ಮೇಲೆ ಕೈ ಇಟ್ಟು ಗಟ್ಟಿ ಇರುವ ಕಾಲನ್ನು ಮುಂದಕ್ಕೆ ತಂದು ಪಾದ ಊರಿ, ಆ ಕಾಲಿನ ಬಲದಲ್ಲಿ ಏಳಿ. ಮನೆಯಲ್ಲಿ ಯಾರಾದರೂ ಇದ್ದಾಗ ಮಾಡಿ. ಬಿದ್ದರೂ ತಾನೇ ಎದ್ದು ಬರುವ ದಾರಿ ಇದೇ, ಹಾಗಾಗಿ ಇದು ಗೊತ್ತಿರಲೇಬೇಕು.

ಮಂಡಿ ನೋವಿದ್ದಾಗ ಇದೆಲ್ಲ ಮಾಡಬಹುದಾ ಅಂತ ಕೇಳುತ್ತೀರಿ. ಮಾಡಬಹುದು, ಮಾಡಲೇಬೇಕು. ಸವೆದ ಮಂಡಿಗೆ ತೊಡೆಯ ಮುಂಭಾಗದ ಸ್ನಾಯುವೇ ಆಸರೆ. ಮಾಡುವಾಗ ಸ್ವಲ್ಪ ನೋವು, ಹತ್ತಕ್ಕೆ ನಾಲ್ಕರಷ್ಟು, ಅದು ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಬಂದರೆ ತೊಂದರೆಯಿಲ್ಲ. ಮರುದಿನ ಮಂಡಿ ಊದಿದರೆ ಅಥವಾ ನೋವು ಉಳಿದರೆ ದಿಂಬಿನ ಎತ್ತರ ಹೆಚ್ಚಿಸಿ, ಸಲ ಕಡಿಮೆ ಮಾಡಿ. ಎದೆ ಹಿಡಿದ ಹಾಗಾದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಇನ್ನೊಂದು, ಒಂಬತ್ತು ವರ್ಷದ ಶುಗರ್ ಅಂದಮೇಲೆ ಭಾರ ಎತ್ತುವ ಮುಂಚೆ ಕಣ್ಣಿನ ಹಿಂಪರದೆ ಪರೀಕ್ಷೆ ಆಗಿರಬೇಕು. ಅಲ್ಲಿ ಹೊಸ ದುರ್ಬಲ ರಕ್ತನಾಳಗಳು ಬೆಳೆದಿದ್ದರೆ, ಉಸಿರು ಬಿಗಿಹಿಡಿದು ತಿಣುಕಿದಾಗ ಒಳಗೆ ರಕ್ತ ಸೋರುವ ಅಪಾಯ ಇದೆ.

ಈ ವಯಸ್ಸಿಗೆ ಬಲ ಬರುತ್ತದಾ ಅನ್ನುವ ಅನುಮಾನ ನಿಮಗಿಲ್ಲದಿದ್ದರೂ ಮನೆಯವರಿಗೆ ಇರುತ್ತದೆ. ಬಾಸ್ಟನ್ನಿನಲ್ಲಿ ಡಾ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ. ಆರೈಕೆ ಕೇಂದ್ರದಲ್ಲಿದ್ದ ಹತ್ತು ಜನ ಹಿರಿಯರು, ಸರಾಸರಿ ವಯಸ್ಸು 90. ಎಂಟು ವಾರ ತೊಡೆಗೆ ನಿಜವಾದ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಮುಗಿಸಿದವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತು, ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟು ದಾಟಿತು. ಇಬ್ಬರು ಕೋಲು ಬಿಟ್ಟು ನಡೆದರು. 90ರಲ್ಲಿ ಆದದ್ದು 67ರಲ್ಲಿ ಯಾಕಾಗಬಾರದು? ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ. ಅಮ್ಮನಿಗೆ ವಯಸ್ಸಾಯಿತು ಅಂತ ಪ್ರೀತಿಯಿಂದಲೇ ನೀರಿನ ಬಕೆಟ್ ಕಸಿದುಕೊಳ್ಳುತ್ತಾರೆ, ತರಕಾರಿ ಚೀಲ ಕಸಿದುಕೊಳ್ಳುತ್ತಾರೆ, ನೀವು ಕೂತಿರಿ ಅನ್ನುತ್ತಾರೆ. ನಿಮ್ಮ ಅಮ್ಮ ರಾಗಿ ಬೀಸಿದವರು, ಒರಳಲ್ಲಿ ರುಬ್ಬಿದವರು, ಬಾವಿಯಿಂದ ಕೊಡ ಹೊತ್ತವರು ಇರಬೇಕು. ಆ ಕಷ್ಟ ಯಾರಿಗೂ ಮತ್ತೆ ಬರುವುದು ಬೇಡ, ಆದರೆ ಅದರ ಜೊತೆ ಹೋದ ಭಾರವನ್ನು ಬೇರೆ ದಾರಿಯಲ್ಲಿ ವಾಪಸ್ ತರಲೇಬೇಕು. ಮಗನಿಗೆ ಹೇಳಿ, ಮಾರ್ಕೆಟಿನಿಂದ ಬರುವಾಗ ಒಂದು ಚೀಲ ನಿಮ್ಮ ಕೈಯಲ್ಲೇ ಇರಲಿ.

ಊಟಕ್ಕೆ ಬರೋಣ. ನೀವು ಬೆಳಗಿನ, ಮಧ್ಯಾಹ್ನದ ಊಟ ಬರೆದಿಲ್ಲ. ನಮ್ಮ ಕಡೆಯ ಮಾಮೂಲಿ ಊಟ ಅಂದುಕೊಂಡರೆ, ಮೂರು ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ಸಾರು ಪಲ್ಯ ಸ್ವಲ್ಪ ಮೊಸರು, ಎರಡು ಸಲ ಕಾಫಿ, ರಾತ್ರಿ ಬಾಳೆಹಣ್ಣು ಮಜ್ಜಿಗೆ, ಎಲ್ಲ ಸೇರಿ ಪ್ರೋಟೀನ್ 35 ಗ್ರಾಂ ದಾಟುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಹೇಳುವುದು ಕೆಜಿ ತೂಕಕ್ಕೆ 0.83 ಗ್ರಾಂ. ಹಿರಿಯರ ವಿಷಯದಲ್ಲಿ 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 1ರಿಂದ 1.2 ಗ್ರಾಂ ಬೇಕು ಅಂದಿತು, ವ್ಯಾಯಾಮ ಮಾಡುವವರಿಗೆ ಇನ್ನೂ ಸ್ವಲ್ಪ ಜಾಸ್ತಿ. ನಿಮಗೆ ದಿನಕ್ಕೆ 70 ಗ್ರಾಂ ಆಸುಪಾಸು ಗುರಿ ಇರಲಿ. ಅಂದರೆ ಈಗಿನದರ ದುಪ್ಪಟ್ಟು. ಅದನ್ನು ಒಂದೇ ಹೊತ್ತಿಗೆ ತಿಂದರೆ ಆಗದು. ವಯಸ್ಸಾದ ಸ್ನಾಯು ಸ್ವಲ್ಪ ಪ್ರೋಟೀನಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಹೊತ್ತಿಗೆ 20, 25 ಗ್ರಾಂ ಬೇಕು. ನೀವು ಮಧ್ಯಾಹ್ನ ಒಂದೂವರೆಗೆ ಊಟ ಮಾಡಿ ಮರುದಿನ ಎಂಟೂವರೆಗೆ ತಿಂಡಿ ತಿಂದರೆ ನಡುವೆ 19 ಗಂಟೆ. ಅಷ್ಟೂ ಹೊತ್ತು ಸ್ನಾಯುವಿಗೆ ಸಿಕ್ಕಿದ್ದು ಆ ಮಜ್ಜಿಗೆಯ ಎರಡು ಮೂರು ಗ್ರಾಂ. ನಾನು ರಾತ್ರಿ ಊಟ ಬಿಡಬೇಡಿ ಅಂದಿದ್ದು ಇದಕ್ಕೇ.

ಹಾಸನದವರಿಗೆ ಕಾಳಿನ ಬಗ್ಗೆ ನಾನೇನು ಹೇಳಲಿ! ಹುರಳಿ, ಅವರೆ, ಅಲಸಂದೆ, ಹೆಸರು ಎಲ್ಲದರಲ್ಲೂ ಒಣ ಕಾಳು 100 ಗ್ರಾಮಿಗೆ 20ರಿಂದ 24 ಗ್ರಾಂ ಪ್ರೋಟೀನ್ ಇದೆ. ತೊಂದರೆ ಇರುವುದು ತಟ್ಟೆಗೆ ಬೀಳುವ ರೀತಿಯಲ್ಲಿ. ಬಸ್ಸಾರು ಮಾಡುತ್ತೀರಿ, ಕಾಳು ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಮುದ್ದೆಗೆ ಸಾರು ಎರಡು ಸೌಟು ಹೋಗುತ್ತದೆ, ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಚಮಚ, ಅದೂ ಮಕ್ಕಳು ಗಂಡಸರಿಗೆ ಬಡಿಸಿ ಉಳಿದರೆ. ಪ್ರೋಟೀನ್ ಹೆಚ್ಚಿನದೆಲ್ಲ ಆ ಪಲ್ಯದಲ್ಲೇ ಉಳಿದಿರುತ್ತದೆ. ಇನ್ನು ಮೇಲೆ ಪಲ್ಯ ಒಂದು ದೊಡ್ಡ ಬಟ್ಟಲು, ಮುದ್ದೆ ಸಣ್ಣದು. ತಿಳಿಸಾರಿನ ದಿನ ಪಕ್ಕದಲ್ಲಿ ಉಸ್ಲಿ ಇರಲಿ. ರಾಗಿಯಲ್ಲಿ ಪ್ರೋಟೀನ್ ಜಾಸ್ತಿ ಅಂತ ಎಷ್ಟೋ ಜನ ನಂಬಿದ್ದಾರೆ, ಅದು 100 ಗ್ರಾಮಿಗೆ 7 ಗ್ರಾಂ, ಹೆಚ್ಚುಕಮ್ಮಿ ಅಕ್ಕಿಯಷ್ಟೇ. ರಾಗಿಯ ದೊಡ್ಡತನ ಇರುವುದು ಸುಣ್ಣದ ಅಂಶದಲ್ಲಿ, 100 ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ. ಮೂಳೆಗೆ ಬೇಕು, ತಿನ್ನಿ.

ಒಂದು ದಿನ ಹೀಗಿರಬಹುದು. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಒಂದು ಬಟ್ಟಲು ಗಟ್ಟಿ ಮೊಸರು, ಸಕ್ಕರೆ ಹಾಕದ ಒಂದು ಲೋಟ ಹಾಲು, ಇದು 25 ಗ್ರಾಂ ಹತ್ತಿರ. ಮಧ್ಯಾಹ್ನ ಸಣ್ಣ ಮುದ್ದೆ, 50 ಗ್ರಾಂ ಒಣ ಕಾಳಿನಷ್ಟು ಪಲ್ಯ, ಮೊಸರು, ಇದು 20. ಸಂಜೆ ಒಂದು ಹಿಡಿ ಹುರಿಗಡಲೆ, 6. ರಾತ್ರಿ ಏಳೂವರೆಗೆ ಎರಡು ಚಪಾತಿಗೆ 75 ಗ್ರಾಂ ಪನೀರ್ ಪಲ್ಯ, ಇಲ್ಲವೇ 30 ಗ್ರಾಂ ಸೋಯಾ ಉಂಡೆ ಹಾಕಿದ ಸಾಗು, 20. ಪನೀರ್ ದುಬಾರಿ ಅನ್ನಿಸಿದರೆ ಸೋಯಾ ಉಂಡೆ ಅಗ್ಗ, ಅದರಲ್ಲಿ ಅರ್ಧಕ್ಕರ್ಧ ಪ್ರೋಟೀನೇ. ಕೆನೆರಹಿತ ಹಾಲಿನ ಪುಡಿಯೂ ಒಳ್ಳೆಯ ಉಪಾಯ, 100 ಗ್ರಾಮಿನಲ್ಲಿ 35 ಗ್ರಾಂ ಹತ್ತಿರ ಇರುತ್ತದೆ, ಎರಡು ಚಮಚ ಮಜ್ಜಿಗೆಗೋ ಗಂಜಿಗೋ ಕಲಸಿಕೊಳ್ಳಬಹುದು. ಟಿವಿಯಲ್ಲಿ ಬರುವ ಶಕ್ತಿ ಕೊಡುವ ಪುಡಿಗಳ ಡಬ್ಬಿ ಹಿಂದೆ ತಿರುಗಿಸಿ ಓದಿ, ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ. ಏಕಾದಶಿ, ಒಪ್ಪತ್ತು ಮಾಡುವವರಾದರೆ ಆ ದಿನ ಹಾಲು, ಮೊಸರು, ಕಡಲೆಕಾಯಿ ಬೀಜವನ್ನು ಫಲಾಹಾರಕ್ಕೆ ಸೇರಿಸಿಕೊಳ್ಳಿ, ಮಾತ್ರೆ ಆ ದಿನ ಹೇಗೆ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇದೆಲ್ಲ ಶುರು ಮಾಡುವ ಮುಂಚೆ ಕಿಡ್ನಿ ಪರೀಕ್ಷೆ ಆಗಬೇಕು. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್. ಶುಗರ್ ಇರುವವರಲ್ಲಿ ಕಿಡ್ನಿ ಸೋತಿದ್ದರೆ ನಾನು ಹೇಳಿದ 70 ಗ್ರಾಂ ನಿಮಗೆ ಸರಿಹೋಗದೇ ಇರಬಹುದು, ಆಗ ಎಷ್ಟು ಅಂತ ಕಿಡ್ನಿ ಡಾಕ್ಟರು ಹೇಳಬೇಕು.

ಮಗ ಹೇಳಿದ ಇಂಜೆಕ್ಷನ್ ಬಗ್ಗೆ. ಮೌಂಜಾರೋ, ವಿಗೋವಿ ಹೆಸರಲ್ಲಿ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಒಳ್ಳೆಯ ಔಷಧಗಳೇ, ಬೇಕಾದವರಿಗೆ ತುಂಬ ಉಪಕಾರ ಮಾಡಿವೆ. ಆದರೆ ವಿಗೋವಿಯಲ್ಲಿರುವ ಸೆಮಾಗ್ಲುಟೈಡ್ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದವರ ಇಳಿದ ತೂಕದಲ್ಲಿ ಶೇಕಡಾ 40ರ ಹತ್ತಿರ ಕೊಬ್ಬಲ್ಲದ್ದಾಗಿತ್ತು, ಮೌಂಜಾರೋದ ಟಿರ್ಜೆಪಟೈಡ್‌ನಲ್ಲಿ ಕಾಲು ಭಾಗದಷ್ಟು. ಹಸಿವೇ ಇಲ್ಲದಾಗ ಮೊದಲು ತಟ್ಟೆಯಿಂದ ಹೋಗುವುದು ಕಾಳು, ಪಲ್ಯ. ಊಟ ಕಡಿಮೆ ಮಾಡಿಯೇ ಇಷ್ಟು ಬಲ ಕಳೆದುಕೊಂಡಿರುವ ನಿಮಗೆ ಈಗ ಅದು ಬೇಡ ಅಂತ ನನ್ನ ಅಭಿಪ್ರಾಯ. ಮುಂದೆ ನಿಮ್ಮ ಡಾಕ್ಟರಿಗೆ ಶುಗರಿಗಾಗಿಯೇ ಅದು ಬೇಕು ಅನ್ನಿಸಿದರೆ, ಆಗ ಭಾರದ ವ್ಯಾಯಾಮ ಅಭ್ಯಾಸವಾಗಿರಲಿ.

60 ಕೆಜಿ ಗುರಿ ಬಿಡಿ. ನೀವು ಇಳಿಸಿದ ಏಳು ಕೆಜಿ ನಿಮ್ಮ ಮೊದಲ ತೂಕದ ಶೇಕಡಾ 9ಕ್ಕಿಂತ ಜಾಸ್ತಿ, ಶುಗರಿಗೂ ಮಂಡಿಗೂ ದೊಡ್ಡ ಲಾಭ ಅದರಲ್ಲೇ ಬಂದಾಗಿದೆ. ಒಂದು ಕೆಜಿ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕೆಜಿ ಇಳಿಯುತ್ತದೆ, ಹಾಗಾಗಿ ನಿಮ್ಮ ಶ್ರಮ ಎಲ್ಲೂ ಹೋಗಿಲ್ಲ. ಕುರ್ಚಿಯಿಂದ ಐದು ಸಲ ಏಳುವುದು 12 ಸೆಕೆಂಡಿನ ಒಳಗೆ ಬಂದ ಮೇಲೆ ತಿಂಗಳಿಗೆ ಒಂದು ಕೆಜಿ ಲೆಕ್ಕದಲ್ಲಿ 63, 64ಕ್ಕೆ ಬನ್ನಿ ಸಾಕು. ಕಡಿಮೆ ಮಾಡುವುದನ್ನು ಅನ್ನದಲ್ಲಿ, ಎಣ್ಣೆಯಲ್ಲಿ, ಕಾಫಿಯ ಸಕ್ಕರೆಯಲ್ಲಿ, ಸಂಜೆಯ ಬೋಂಡಾದಲ್ಲಿ ಮಾಡಿ, ಕಾಳು ಮೊಸರಿನಲ್ಲಿ ಬೇಡ. ಇಳಿಸಿ ಮತ್ತೆ ಏರಿಸಿಕೊಂಡು ಮತ್ತೆ ಇಳಿಸುವುದು ಈ ವಯಸ್ಸಿನಲ್ಲಿ ತುಂಬ ನಷ್ಟ, ಯಾಕೆಂದರೆ ಹೋಗುವಾಗ ಸ್ನಾಯುವೂ ಹೋಗುತ್ತದೆ, ಬರುವಾಗ ಬಹುಪಾಲು ಕೊಬ್ಬೇ ಬರುತ್ತದೆ.

ನಡುವೆ ಜ್ವರ ಬಂದು ಮಲಗಿದರೆ, ಏನಾದರೂ ಆಪರೇಷನ್ ಆದರೆ ತೂಕ ಇಳಿಸುವುದನ್ನು ಪೂರ್ತಿ ನಿಲ್ಲಿಸಿ. 2007ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನೇ ಹತ್ತು ದಿನ ಹಾಸಿಗೆಯಲ್ಲಿಟ್ಟರು. ಅಷ್ಟಕ್ಕೇ ಕಾಲುಗಳಿಂದ ಒಂದು ಕೆಜಿಯ ಹತ್ತಿರ ಸ್ನಾಯು ಹೋಯಿತು, ಬಲ ಶೇಕಡಾ 16ರಷ್ಟು ಕುಸಿಯಿತು. ಜ್ವರ ಬಿಟ್ಟ ಕೂಡಲೇ ಹಾಸಿಗೆಯ ಅಂಚಿನಿಂದ ಎದ್ದು ಕೂರುವುದನ್ನಾದರೂ ಶುರು ಮಾಡಿ.

ಡಾಕ್ಟರ ಹತ್ತಿರ ಹೋದಾಗ ಕ್ರಿಯಾಟಿನಿನ್ ಜೊತೆಗೆ ಬಿ12, ವಿಟಮಿನ್ ಡಿ, ಥೈರಾಯ್ಡ್ ಕೂಡ ನೋಡಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತದೆ, ಮೊಟ್ಟೆ ಮಾಂಸ ತಿನ್ನದವರಲ್ಲಿ ಮೊದಲೇ ಕಡಿಮೆ. ಅದು ತೀರಾ ಇಳಿದರೆ ಕಾಲು ಜೋಮು, ನಡೆಯುವಾಗ ಓಲಾಡಿದ ಹಾಗೆ ಆಗುತ್ತದೆ, ಅದನ್ನು ಯಾವ ವ್ಯಾಯಾಮವೂ ಸರಿಮಾಡುವುದಿಲ್ಲ. ರಾತ್ರಿ ಊಟ ಶುರು ಮಾಡಿದ ಮೇಲೂ, ನೀವು ಬೇಡ ಅಂದರೂ ತೂಕ ತಾನಾಗಿ ಇಳಿಯುತ್ತಲೇ ಹೋದರೆ ಕಾಯಬೇಡಿ. ಅದು ಡಯಟಿನ ಫಲ ಅಲ್ಲದೇ ಇರಬಹುದು, ಕಾರಣ ಹುಡುಕಲು ಡಾಕ್ಟರಿಗೆ ಹೇಳಿ.